ನಡುವಿನ ಅಕ್ಷರ

ನೀತಿ ಸಂಹಿತೆ ಬಂದ ದಿನದಿಂದ ನನಗೆ ಕೈತುಂಬ ಕೆಲಸ,
ಬರೆಯುವುದಲ್ಲ, ಅಳಿಸುವುದು.
ನಗರಸಭೆಯ ಸುಣ್ಣ, ನಗರಸಭೆಯ ಏಣಿ,
ಕೈ ಮಾತ್ರ ನನ್ನದು.
ಕೈ ಅಂದೆನಲ್ಲ, ತಪ್ಪು ತಿಳಿಯಬೇಡಿ,
ಬರೀ ಮೈಗೆ ಅಂಟಿದ ಕೈ.
ಓಟು ಮುಗಿಯುವ ತನಕ ಮಂಡ್ಯದಲ್ಲಿ
ಹೂವನ್ನು ಹೂ ಅನ್ನುವಂತಿಲ್ಲ,
ಹೊರೆ ಹೊತ್ತು ಬರುವ ಹೆಂಗಸನ್ನು
ಯಾರಮ್ಮ ನೀನು ಅನ್ನಲೂ ಹಿಂದೆ ಮುಂದೆ ನೋಡಬೇಕು.

ಗುತ್ತಲು ರಸ್ತೆಯ ಮೂಲೆಗೋಡೆಗೆ ಮೊನ್ನೆ ಬಿಳಿ ಬಳಿಯುವಾಗ
ಸುಣ್ಣದಡಿಯಿಂದ ಹಳೆಯ ಗೆರೆ ಇಣುಕಿತು.
ನಾನೇ ಬರೆದದ್ದು, ಸೋತವನೊಬ್ಬನ ಹೆಸರು.
ದೀರ್ಘ ಎಷ್ಟು ಚೆನ್ನಾಗಿ ಬಂದಿತ್ತು!
ಎರಡು ಕೋಟು ಹೆಚ್ಚು ಬಳಿದೆ.

ಸಂಜೆಗೆ ಟೀ ಅಂಗಡಿ ದ್ಯಾವಣ್ಣನ ಕರೆ.
ಹೋದ ವಾರ ಅವನ ಬೆಂಚಿನ ಮೇಲೆ
ಭಾವ ಮೈದುನ ಇಬ್ಬರು ಪಕ್ಷ ಹಿಡಿದು ಹೊಡೆದಾಡಿ
ಆರು ಗ್ಲಾಸು ಹೋಗಿತ್ತು, ಒಂದು ಹಲ್ಲು.
"ಒಂದ್ ಬೋರ್ಡ್ ಬರ್ಕೊಡ್ಲಾ ಮಾಯಿಗ,
ಫ್ಲೆಕ್ಸ್ ಬ್ಯಾಡ, ಪೇಂಟೇ ಇರ್ಲಿ, ಮರ್ವಾದೆ ಇರ್ತದೆ:
ಇಲ್ಲಿ ರಾಜಕೀಯ ಮಾತನಾಡಬಾರದು."

ತಗಡಿಗೆ ಹಳದಿ, ಅಕ್ಷರಕ್ಕೆ ಕಪ್ಪು.
'ಮಾತನಾಡ'ದವರೆಗೆ ಸಲೀಸು.
ಜಾಗ ಸಾಲದೇನೋ ಅಂತ ಮೊದಲೇ
ಎಡಕ್ಕೆ 'ಬ' ಇಟ್ಟೆ, ಬಲತುದಿಗೆ 'ದು' ಇಟ್ಟೆ.
ನಡುವೆ ಮೂರು ಬೆರಳಷ್ಟು ಹಳದಿ ಉಳಿಯಿತು.
'ಹು' ಕೂರಿಸಿದರೆ ಒಂದು ಊರು.
'ಬ'ಗೆ ದೀರ್ಘ ಎಳೆದು 'ರ' ಕೂರಿಸಿದರೆ ಇನ್ನೊಂದು.
ಮೂವತ್ತು ವರ್ಷ ಬ್ರಶ್ ಹಿಡಿದವನಿಗೆ
ಇದು ಕಂಡದ್ದು ಇವತ್ತು.

ನನಗೂ ಹೇಳುವುದಿತ್ತು.
ಮೋರಿ ನಾರ್ತದೆ ಅಂದಿದ್ದೆ ಒಮ್ಮೆ, ಇದೇ ಬೆಂಚಿನಲ್ಲಿ.
"ನೀನು ಅವ್ರ ಕಡೆಯೋನು" ಅಂದ ಜವರೇಶ.
ಮೋರಿ ಕಟ್ಟಿಸಿದ ವರ್ಷ ಚೆನ್ನಾಗದೆ ಅಂದಿದ್ದೆ,
ಆಗ ಇವರ ಕಡೆಯವನಾಗಿದ್ದೆ.
ನನ್ನ ಮೂಗು ಯಾರಿಗೂ ಚಂದಾ ಕಟ್ಟಿಲ್ಲ ಸ್ವಾಮಿ,
ಅದಕ್ಕೆ ಬಡಿಯುವುದು ವಾಸನೆ.
ನಮ್ಮ ಬಾಯಿಗೆ ಬಾಗಿಲಿಲ್ಲ ಅನ್ನುವುದು
ಮಂಡ್ಯದವರ ಹೆಚ್ಚಳ.
ಬಾಗಿಲಿಲ್ಲ, ನಿಜ.
ಹೊಸಿಲಲ್ಲಿ ಮಾತ್ರ ಒಬ್ಬ ಕಾದು ಕೂತಿರುತ್ತಾನೆ,
ಹೊರಬಂದ ಪ್ರತಿ ಮಾತಿಗೂ
ಯಾವುದೋ ಬಣ್ಣದ ಶಾಲು ಹೊದಿಸಲು.

ಬರೆದೆ. 'ಬಾರದು' ಎಂದೇ ಬರೆದೆ.
ಆರುನೂರು ರೂಪಾಯಿ. ದೊಡ್ಡ ಮಾತು ಯಾಕೆ,
ಮಗಳ ಬಸ್ ಪಾಸು ಮುಗಿದಿತ್ತು.

ಮಾರನೆ ಬೆಳಿಗ್ಗೆ ಬೆಂಚು ತುಂಬ ಜನ,
ಟೀ ಊದುವ ಸದ್ದು ಬಿಟ್ಟರೆ ಏನಿಲ್ಲ.
ಸೊಪ್ಪಿನ ಸಣ್ಣತಾಯಮ್ಮ ಮಂಕರಿ ಇಳಿಸಿ
ಕಣ್ಣಿಗೆ ಕೈ ಮರೆಮಾಡಿ ನೋಡಿದಳು.
ಅವಳಿಗೆ ಓದಲು ಬಾರದು. ಆ ಬಾರದು ಬೇರೆ.
"ಅದೇನಪ್ಪ ಬರ್ದಿದ್ದೀಯ ಹಳ್ದಿ ಮ್ಯಾಲೆ?"

ನಾಲಿಗೆ ಬ್ರಶ್ಶಿಗಿಂತ ಮುಂದೆ ಹೋಯಿತು:
"ಇಲ್ಲಿ ರಾಜಕೀಯ ಮಾತಾಡಬಹುದು ಅಂತ ಕನಮ್ಮ."
"ಅದ್ಕೂ ಬೋರ್ಡ್ ಬೇಕೇನ್ಲಾ?"

ಕುಕ್ಕರಗಾಲಲ್ಲಿ ಕೂತಳು, ಎಲೆ ಅಡಿಕೆ ಬಿಚ್ಚಿದಳು, ಶುರು.
ಒಬ್ಬ ಕೊಟ್ಟ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟದ್ದು,
ಇನ್ನೊಬ್ಬನ ಕುಕ್ಕರು ಇವತ್ತಿಗೂ ಕೂಗದ್ದು,
ಮತ್ತೊಬ್ಬ ಕಾಲಿಗೆ ಬಿದ್ದು ಎದ್ದವನು
ಐದು ವರ್ಷ ಮುಖ ತೋರದ್ದು.
"ಮಾರ್ಕೆಟ್ಟಲ್ಲಿ ನಲವತ್ತು ಜನ ಹೆಂಗಸ್ರು ಕನಪ್ಪ,
ಬೆಳಗ್ಗಿಂದ ಸಂಜೆಗಂಟ ಉಚ್ಚೆ ಕಟ್ಕೊಂಡು ಕೂತೀವಿ.
ಅದು ಯಾವ ಪಾರ್ಟಿ?"

ಜವರೇಶ ಬಾಯಿ ತೆರೆದ,
ಹೊದಿಸಲು ಶಾಲು ಸಿಗಲಿಲ್ಲ.
ದ್ಯಾವಣ್ಣ ತಡೆಯಲಾರದೆ ಸೌಟಿನಲ್ಲಿ ಬೋರ್ಡು ತೋರಿಸಿದ.
ಅವಳೂ ಅತ್ತ ತಿರುಗಿ ತಲೆಯಾಡಿಸಿದಳು:
"ಅದೇ ಮತ್ತೆ, ಬರ್ದದಲ್ಲ!"
ಇನ್ನೂ ಜೋರಾಗಿ ಮುಂದುವರಿಸಿದಳು.

ಏಳುವಾಗ ಕೇಳಿದೆ, ಸಲುಗೆಯಿಂದ,
"ಹಂಗಾರೆ ಓಟು ಯಾರ್ಗವ್ವ?"
ಸಿಂಬಿ ತಲೆಗೆ ಇಡುತ್ತಿದ್ದವಳು ನಿಂತು ನೋಡಿದಳು,
ತಕ್ಕಡಿಗೆ ಬೆರಳಿಟ್ಟವನನ್ನು ನೋಡುವ ಹಾಗೆ.
"ಅದು ಕೇಳ್ಬಾರ್ದು ಕನ್ಲಾ.
ದಂಟಿನ ಸೊಪ್ಪದೆ. ಬೇಕಾ?"

ಇಪ್ಪತ್ತು ರೂಪಾಯಿಗೆ ಎರಡು ಕಟ್ಟು ತಗೊಂಡೆ.
ಬೇರಿಗೆ ಮಣ್ಣು ಹಸಿಯಾಗಿತ್ತು.